ತ್ರಿಕೋಣದ ಹೊರಗಿನ ಗೆರೆ

ಆದೋನಿ, ೧೯೫೭

ಜಯಾ,

ಆದರೆ ನಿನ್ನೆ ಹೇಳುತ್ತಿದ್ದೆನಲ್ಲ, ಆ ತ್ರಿಕೋಣದ ಕಥೆ ಇನ್ನೂ ಮುಗಿದಿಲ್ಲ. ನೀನು ತೀರಿಕೊಂಡ ಮೇಲೆ ಸಂಜೆ ಹೀಗೆ ನಿನಗೆ ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ.

ನಾಳೆ ಹೆಡ್‌ಮಾಸ್ತರರು ನಮ್ಮ ರಾಮಲಕ್ಷ್ಮಿಗೆ ಲೆಕ್ಕ ಕೊಟ್ಟು ನೋಡುತ್ತಾರೆ. ಮಾಡಿದರೆ ಹುಡುಗರ ಜೊತೆ ಗಣಿತ, ಸೈನ್ಸು, ಇಲ್ಲವಾದರೆ ಹೊಲಿಗೆ ಕ್ಲಾಸು. ಕಲಿಸುವವನು ನಾನೊಬ್ಬನೇ. ನಾನು ಇಂಟರ್‌ಮೀಡಿಯೆಟ್ ಓದಿದ್ದು ಯಾವ ಕಾಲದಲ್ಲಿ! ತ್ರಿಕೋಣದ ಕ್ಷೇತ್ರಫಲಕ್ಕೆ "ಹಾಫ್ ಬೇಸ್ ಇಂಟು ಹೈಟ್" ಬಾಯಿಗೆ ಬರುತ್ತದೆ. "ಫೋರ್ಸ್ ಈಸ್ ಈಕ್ವಲ್ ಟು ಮಾಸ್ ಇಂಟು..." ಎಂದು ಮುಂದಿನದಕ್ಕೆ ತಡಕಾಡುತ್ತೇನೆ. "ಆಕ್ಸಲರೇಶನ್, ಅಪ್ಪಾ" ಎಂದು ಅವಳೇ ಮುಗಿಸುತ್ತಾಳೆ.

ಆಲೂರಿನಿಂದ ಸುಭದ್ರಕ್ಕ ಬಂದಿದ್ದಾಳೆ. ನನ್ನ ಅಕ್ಕನ ಬಾಯಿ ನಿನಗೆ ಗೊತ್ತಲ್ಲ. "ಹೆಣ್ಣುಹುಡುಗಿಗೆ ತ್ರಿಕೋಣ ಯಾತಕ್ಕೋ ನರಸಿಂಹಾ? ಅತ್ತಿಮನ್ಯಾಗ ಮೂರು ಮೂಲಿ ಹೋಳಿಗಿ ಮಾಡ್ತಾಳೇನು?"

"ದುಂಡಗೇ ಮಾಡ್ತೀನಿ ಅತ್ತಿ. ಅದಕ್ಕೂ ಪೈ ಆರ್ ಸ್ಕ್ವೇರ್ ಅದ" ಅಂದಳು ಮಗಳು. ಅಕ್ಕ ನಕ್ಕಳು, ಪಟ್ಟು ಬಿಡಲಿಲ್ಲ. ಹುಡುಗಿಯನ್ನು ಆಲೂರಿಗೆ ಕರೆದೊಯ್ದು ವರ ನೋಡಬೇಕಂತೆ.

ಇವತ್ತು ಮಧ್ಯಾಹ್ನ ಅಂಗಳದ ಕಡಪಾ ಕಲ್ಲಿನ ಮೇಲೆ ರಂಗೋಲಿಯಲ್ಲಿ ಒಂದು ತ್ರಿಕೋಣ ಬರೆದುಕೊಟ್ಟೆ. ಒಂದು ಕಡೆ ವಾಲಿದ ತ್ರಿಕೋಣ. ತುದಿಯಿಂದ ನೆಟ್ಟಗೆ ಇಳಿದರೆ ಎತ್ತರ ತಳದ ಮೇಲೆ ಬೀಳುವುದೇ ಇಲ್ಲ, ಹೊರಗೆ ಹೋಗುತ್ತದೆ! ನಾನೇ ತಪ್ಪು ಬರೆದೆನೆಂದು ಅಳಿಸಲು ಬಗ್ಗಿದೆ. ಅವಳು ಕೈ ಹಿಡಿದಳು. ಚಿಟಿಕೆ ರಂಗೋಲಿ ತೆಗೆದು ತಳದ ಗೆರೆಯನ್ನೇ ಮುಂದಕ್ಕೆ ಎಳೆದಳು, ಅಕ್ಕ ಕೂತ ಮಣೆಯ ತನಕ.

"ಅತ್ತಿ, ಸ್ವಲ್ಪ ಸರೀರಿ. ಎತ್ತರ ನಿಮ್ಮ ಕೆಳಗ ಅದ."

ಅಕ್ಕ ಗೊಣಗುತ್ತ ಮಣೆ ಸರಿಸಿದಳು. ಆಮೇಲೆ ಬಗ್ಗಿ ನೋಡಿದಳು. "ಹೊರಗ ಬಿದ್ದ ಗೆರಿನೂ ಲೆಕ್ಕಕ್ಕ ಬರ್ತದೇನು?"

"ಅದಿಲ್ಲಂದ್ರ ಲೆಕ್ಕನೇ ಇಲ್ಲ, ಅತ್ತಿ."

ನನಗೆ ನೀನು ನೆನಪಾದೆ.

ನಾಳೆ ನಾನೇ ಕರೆದುಕೊಂಡು ಹೋಗುತ್ತೇನೆ. ನಾಳೆ ಆಗದಿದ್ದರೆ ನಾಡಿದ್ದು ಮತ್ತೆ ಹೋಗಿ ಹೆಡ್‌ಮಾಸ್ತರರ ಬಾಗಿಲಲ್ಲಿ ನಿಲ್ಲುತ್ತೇನೆ. ಹೊಲಿಗೆಗೆ ಹಾಕಲು ಬಿಡುವುದಿಲ್ಲ, ಆಲೂರಿಗೂ ಕಳಿಸುವುದಿಲ್ಲ. ಐ ಆಮ್... ಏನದು, ಆ ಪದ ಮರೆತೆ. ಗಟ್ಟಿ ಮನಸ್ಸು ಮಾಡಿದ್ದೇನೆ ಅಂದುಕೋ.

ಅರೆ, ಬೆಳಕು ಇಳಿಯಿತು, ಬರೆದದ್ದು ನನಗೇ ಕಾಣುತ್ತಿಲ್ಲ. ಅಂಗಳದ ಗೆರೆ ಮಾತ್ರ ಇನ್ನೂ ಬೆಳ್ಳಗಿದೆ. ಅಕ್ಕ ಅದನ್ನು ತುಳಿಯದೆ ಸುತ್ತು ಹಾಕಿಕೊಂಡು ದೀಪ ತರುತ್ತಿದ್ದಾಳೆ.

ನಾಳೆ ಬೆಳಿಗ್ಗೆ ಮಗಳ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನವನೇ,
ನರಸಿಂಹ