ರಾತ್ರಿ ಬೆಚ್ಚಗಾಗುವ ಬಿಲ್ಲೆ

ಗುಬ್ಬೀ,

ಬೆಳಕು ಹರಿಯುವ ಮೊದಲೇ ಬೆಟ್ಟಕ್ಕೆ ಹೊರಡುತ್ತೇನೆ, ನಿನ್ನನ್ನು ಎಬ್ಬಿಸುವುದಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ. ಬೂಟಿನ ಮಣ್ಣು ಬಾಗಿಲಲ್ಲೇ ಬಿದ್ದಿದೆ, ತುಳಿದು ಮನೆಯೆಲ್ಲ ಮಾಡಬೇಡ.

ಈಗ ಒಂದು ಮಾತು. ಬೆಟ್ಟದ ಮಣ್ಣಲ್ಲಿ ಹೂತಿಟ್ಟರೆ ಗಂಟೆಗಂಟೆಗೂ ಚಳಿ ಅಳೆದು ತಮ್ಮೊಳಗೇ ದಾಖಲಿಸಿಕೊಳ್ಳುವ ಆ ಮೂರು ಬಿಲ್ಲೆಗಳು ಸರಿಯಾಗಿವೆಯೋ ನೋಡೋಣವೆಂದು ವಾರದಿಂದ ಫ್ರಿಜ್ಜಿನಲ್ಲಿಟ್ಟಿದ್ದೆನಲ್ಲ, ಸಂಜೆ ತೆಗೆದು ಕಂಪ್ಯೂಟರಿಗೆ ಹಾಕಿದೆ. ಎರಡು ತಣ್ಣಗೇ ಇದ್ದವು. ಮೂರನೆಯದು ಮಾತ್ರ ಪ್ರತಿ ರಾತ್ರಿ ಬೆಚ್ಚಗಾಗಿ, ಬೆಳಿಗ್ಗೆ ಮತ್ತೆ ತಣ್ಣಗಾಗಿದೆ. ಫ್ರಿಜ್ ಕೆಟ್ಟಿದ್ದರೆ ಮೂರೂ ಬೆಚ್ಚಗಾಗಬೇಕಿತ್ತು. ಬಿಲ್ಲೆಯೇ ಕೆಟ್ಟಿದ್ದರೆ ಹಗಲು ಹೇಗೆ ಸರಿಯಿರುತ್ತದೆ? ನನಗಂತೂ ತಲೆಬುಡ ತಿಳಿಯುತ್ತಿಲ್ಲ. ಅಜ್ಜಿಯನ್ನು ಕೇಳಿದರೆ, "ನಿನ್ನ ಬಿಲ್ಲೆ ಕಾಯೋಕೆ ನಾನೇನು ವಾಚ್‌ಮನ್ನಾ?" ಅಂದರು.

ಅದು ಕೆಟ್ಟಿದೆ ಅಂತಾದರೆ, ಕಳೆದ ವರ್ಷವಿಡೀ ಬೆಟ್ಟದ ನೆತ್ತಿಯಲ್ಲಿ ಅದು ಅಳೆದದ್ದನ್ನೆಲ್ಲ ಎಸೆಯಬೇಕು. ನಾಳೆ ತಂಡದವರಿಗೆ ಹಾಗೇ ಹೇಳಬೇಕಾಗುತ್ತದೆ.

ದೀಪ ಆರಿಸಲು ಎದ್ದಾಗ ನೀನು ಮೊನ್ನೆ ಬಿಲ್ಲೆ ತೋರಿಸಿ ಕೇಳಿದ್ದು ನೆನಪಾಯಿತು. "ಅಮ್ಮಾ, ಬೆಟ್ಟದಲ್ಲಿ ಇದೂ ನಿನ್ ಜೊತೇಲೇ ಮಲಗುತ್ತಾ?"

ನೀನೇನಾದರೂ ಅದನ್ನು ಹಾಸಿಗೆಗೆ ತೆಗೆದುಕೊಂಡು ಹೋಗುತ್ತಿದ್ದೆಯಾ? ಖಂಡಿತ ಬೈಯುವುದಿಲ್ಲ. ಎದ್ದ ತಕ್ಷಣ ಫೋನ್ ಮಾಡು, ಮೇಲೆ ಹತ್ತಿದ ಮೇಲೆ ಸಿಗ್ನಲ್ ಸಿಗುವುದಿಲ್ಲ. ನೀನು ಹೂಂ ಅಂದರೆ ಸಾಕು, ನಮ್ಮ ಒಂದು ವರ್ಷದ ಕೆಲಸ ಉಳಿಯುತ್ತದೆ.

ಮೂರನೆಯದನ್ನು ನಿನ್ನ ದಿಂಬಿನ ಕೆಳಗೆ ಇಟ್ಟಿದ್ದೇನೆ. ಈ ಸಲ ಬೆಳಿಗ್ಗೆ ಫ್ರಿಜ್ಜಿಗೆ ಹಾಕಬೇಡ. ನೀನು ಎಷ್ಟು ಬೆಚ್ಚಗೆ ಮಲಗಿದ್ದೆ ಅಂತ ಬಂದು ನೋಡುತ್ತೇನೆ.

ಅಮ್ಮ