ನಾಲ್ಕನೇ ಅಧ್ಯಾಯ ತೆಗೆಯುವುದಿಲ್ಲ

ಮಾರ್ಚ್ 3, ಸೋಮವಾರ

ಏಳೂಹತ್ತರ ಬಸ್ಸು. ಖಾನಾಪುರದಿಂದ ಬೆಳಗಾವಿಯ ತನಕ ನಿಂತೇ ಬಂದೆ. ಮೊಣಕೈಗೆ ಯಾರದೋ ಹಾಲಿನ ಕ್ಯಾನು ಬಡಿದು ನೀಲಿಗಟ್ಟಿದೆ. ಕ್ಲಾಸಿಗೆ ಹತ್ತು ನಿಮಿಷ ತಡ. ಮಾಮೂಲು.

ಪ್ರಾಜೆಕ್ಟಿನ ವಿಷಯ ಹಂಚಿದರು. ಗ್ರಂಥಾಲಯ ವಿಜ್ಞಾನ, ಎಂ.ಲಿಬ್. ಕೊನೆಯ ಸೆಮಿಸ್ಟರು, ಇದಕ್ಕೇ ನೂರು ಅಂಕ. ನನ್ನ ಗೈಡು ಗೌರೀಶ ಸರ್. ವಿಷಯ — ಪದವಿ ವಿದ್ಯಾರ್ಥಿಗಳು ಓದಿಗೆ ಕಂಪ್ಯೂಟರು, ಇಂಟರ್ನೆಟ್ಟು ಎಷ್ಟು ಬಳಸುತ್ತಾರೆ. ಕಾಲೇಜು ನಾನು ಬಿ.ಎ. ಮಾಡಿದ್ದೇ, ಖಾನಾಪುರದ್ದು. ಮನೆಗೆ ಹತ್ತಿರ. ಖುಷಿಯಾಯಿತು.

ಖುಷಿ ಐದು ನಿಮಿಷ ಇತ್ತು. ಸರ್ ಪೆನ್ ಡ್ರೈವ್ ಕೊಟ್ಟರು.

"ಹ್ವಾದ ವರ್ಷದ್ದು ಐತಿ ಇದರಾಗ. ಕಾಲೇಜಿನ ಹೆಸರ ಬದಲ ಮಾಡು. ಟೇಬಲ್ಲಿನಾಗ ಪರ್ಸೆಂಟೇಜ್ ಒಂದೀಟು ಹಿಂದ ಮುಂದ ಮಾಡು. ಹದಿನೈದ ದಿನದಾಗ ಮುಗೀತದ."

"ಹುಡುಗರನ್ನ ಕೇಳೂದು ಬ್ಯಾಡೇನ್ರಿ ಸರ್?"

"ಕೇಳಿದ್ರೂ ಇದ ಬರ್ತದವಾ."

ಲೈಬ್ರರಿಯಲ್ಲಿ ಕುಳಿತು ತೆರೆದು ನೋಡಿದೆ. ಹೋದ ವರ್ಷದವನೂ ಇನ್ಯಾರದನ್ನೋ ನಕಲು ಮಾಡಿದ್ದಾನೆ — ಒಂದು ಪುಟದಲ್ಲಿ ಬೇರೆ ಜಿಲ್ಲೆಯ ಕಾಲೇಜಿನ ಹೆಸರು ಹಾಗೇ ಉಳಿದಿದೆ. ಶೇಕಡಾ 92 ವಿದ್ಯಾರ್ಥಿಗಳು ವಾರಕ್ಕೆ ನಾಲ್ಕು ಗಂಟೆ ಲ್ಯಾಬಿನಲ್ಲಿ ಕೂರುತ್ತಾರಂತೆ. ಮೂರು ವರ್ಷ ಓದಿದವಳು ನಾನು. ಲ್ಯಾಬಿನ ಬಾಗಿಲು ನೋಡಿದ್ದೇನೆ. ಒಳಗೆ ನೋಡಿಲ್ಲ.

ಕೇಳಿಯೇ ಬರೆಯುತ್ತೇನೆ.

ಮಾರ್ಚ್ 11, ಮಂಗಳವಾರ

ಪ್ರಶ್ನಾವಳಿ ನೂರು ಪ್ರತಿ ಝೆರಾಕ್ಸ್ ಮಾಡಿಸಿ ಬೆಳಿಗ್ಗೆ ಕಾಲೇಜಿನಲ್ಲಿ ಕೊಟ್ಟೆ. ಮಧ್ಯಾಹ್ನಕ್ಕೆ ನೂರೂ ವಾಪಸ್ಸು! ಬೀಗಿದೆ. ಕಟ್ಟು ಬಿಚ್ಚಿದೆ. ನೂರಕ್ಕೂ ಒಂದೇ ನೀಲಿ ಪೆನ್ನು. ಎಲ್ಲದಕ್ಕೂ 'ಸಂಪೂರ್ಣ ಒಪ್ಪುತ್ತೇನೆ'. ಕ್ಲಾಸಿನ ಪ್ರತಿನಿಧಿ, ಸಿ.ಆರ್. ಹುಡುಗಿ, ಒಬ್ಬಳೇ ಕೂತು ಟಿಕ್ ಹಾಕಿದ್ದಾಳೆ. ಕೇಳಿದರೆ, "ತಪಾಸಣೆ ಕಮಿಟಿ ಬಂದಾಗೂ ಹಿಂಗ ಮಾಡ್ತೇವ್ರಿ ಅಕ್ಕಾರ. ಸರ್ ಹೇಳ್ಯಾರ."

ನೂರೂ ಹರಿದೆ. ಒಬ್ಬೊಬ್ಬರ ಎದುರಿಗೆ ಕುಳಿತು ಕೇಳುವುದು. ಬೇರೆ ದಾರಿಯಿಲ್ಲ.

ವಿನಯನಿಗೆ ಫೋನಿನಲ್ಲಿ ಹೇಳಿದೆ. ನನ್ನ ಕ್ಲಾಸಿನವನು, ಶಿವಬಸವ ನಗರದವನು. ಅವನದು ಆಗಲೇ ಬೈಂಡಿಂಗಿಗೆ ಹೋಗಿದೆ. ನಕ್ಕ. "ನಿಂಗ ಪಿಎಚ್.ಡಿ. ಕೊಡಂಗಿಲ್ಲ ಹುಚ್ಚಿ, ನೂರ ಮಾರ್ಕ್ಸ್ ಅಷ್ಟ."

ಮಾರ್ಚ್ 22, ಶನಿವಾರ

ನಲವತ್ತೊಂದು ಜನ ಆದರು. ಕಾಲೇಜಿನ ಕಟ್ಟೆ, ಬಸ್ ಸ್ಟ್ಯಾಂಡು, ಎಲ್ಲಿ ಸಿಕ್ಕರೆ ಅಲ್ಲಿ. ಪ್ರಶ್ನೆ ಕನ್ನಡದಲ್ಲಿ, ಅರ್ಧ ಜನರ ಉತ್ತರ ಮರಾಠಿಯಲ್ಲಿ. ನನಗೇನು, ಎರಡೂ ಬರುತ್ತವೆ.

ಇವತ್ತು ಕಾಂತಾ. ಬಿ.ಎ. ಎರಡನೇ ವರ್ಷ. ಮೊದಲು ಎಲ್ಲದಕ್ಕೂ ಹೌದು ಅಂದಳು. ನಾನು ಪೆನ್ನು ಕೆಳಗಿಟ್ಟೆ. ಆಗ ಮೆಲ್ಲಗೆ ಮರಾಠಿಯಲ್ಲಿ, "ಖರಂ ಸಾಂಗೂ ಕಾ?" — ನಿಜ ಹೇಳಲಾ ಎಂದು.

ಮನೆಗೆ ಒಂದೇ ಸ್ಮಾರ್ಟ್‌ಫೋನು. ಅಪ್ಪ ಕೆಲಸದಿಂದ ಬಂದ ಮೇಲೆ ಮೂವರು ಅಕ್ಕತಂಗಿಯರಿಗೆ ಅರ್ಧರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಅರ್ಥಶಾಸ್ತ್ರದ ಪಾಠ ನಿಲ್ಲಿಸಿ ನಿಲ್ಲಿಸಿ ನೋಡಿ, ಪರದೆಯ ಮೇಲಿದ್ದುದನ್ನೆಲ್ಲ ವಹಿಯಲ್ಲಿ ಬರೆದುಕೊಳ್ಳುತ್ತಾಳೆ. ಹಾಗೆ ಇಡೀ ಪೇಪರು ಓದಿ 78 ತೆಗೆದಳಂತೆ. ಆದರೆ 'ಇ-ಸಂಪನ್ಮೂಲ ಬಳಸುತ್ತೀರಾ' ಅಂದಿದ್ದಕ್ಕೆ ಇಲ್ಲ ಅಂದಳು. "ಅದೆಲ್ಲಾ ದೊಡ್ಡ ಕಾಲೇಜಿನಾವ್ರಿಗೆ ಇರ್ತೈತಲ್ರಿ ಅಕ್ಕಾ?"

ಟೈಪಿಂಗ್ ಬರುತ್ತದೆಯೇ ಎಂದೆ. ಬ್ಯಾಗಿನಿಂದ ಹಳೇ ಕ್ಯಾಲೆಂಡರಿನ ರಟ್ಟು ತೆಗೆದಳು. ಅದರ ಹಿಂದೆ ಸ್ಕೆಚ್ ಪೆನ್ನಿನಲ್ಲಿ ಕೀಬೋರ್ಡು. ಒಂದೊಂದು ಅಕ್ಷರವೂ ಅದರ ಜಾಗದಲ್ಲಿ. ದಿನಾ ಬೆರಳು ಆಡಿಸುತ್ತಾಳಂತೆ. ನಿಜವಾದದ್ದು ಒಮ್ಮೆಯೂ ಮುಟ್ಟಿಲ್ಲ.

ಇದಕ್ಕೆ ನನ್ನ ಪ್ರಶ್ನಾವಳಿಯಲ್ಲಿ ಕಾಲಮ್ಮಿಲ್ಲ. ಅಂಚಿನಲ್ಲಿ ಬರೆದುಕೊಂಡೆ.

ಏಪ್ರಿಲ್ 2, ಬುಧವಾರ

ಲ್ಯಾಬು ನೋಡಿದೆ. ಅಟೆಂಡರ್ ದುಂಡಪ್ಪ ಮಾಮಾ ತೆರೆದರು. ಅವ್ವನಿಗೆ ದೂರದ ಅಣ್ಣ ಆಗಬೇಕು. ಹನ್ನೊಂದು ವರ್ಷದಿಂದ ಹಂಗಾಮಿ.

ಇಪ್ಪತ್ನಾಲ್ಕು ಕಂಪ್ಯೂಟರು. ಇಪ್ಪತ್ನಾಲ್ಕಕ್ಕೂ ಪ್ಲಾಸ್ಟಿಕ್ ಕವರು, ಅದರ ಮೇಲೆ ಧೂಳು. ಒಂದರ ಮೌಸಿಗೆ ಇನ್ನೂ ಕಂಪನಿಯ ದಾರ.

"ಕವರ್ ತಗೀಬ್ಯಾಡವಾ. ಕಮಿಟಿ ಬಂದಾಗ ಹೊಸಾವು ಕಾಣಬೇಕಂತ ಸಾಹೇಬ್ರು ಹೇಳ್ಯಾರ." ಸಾಹೇಬರು ಅಂದರೆ ಪ್ರಾಚಾರ್ಯರು.

ಮೇಜಿನ ಮೇಲೆ ಹಾಜರಿ ರಿಜಿಸ್ಟರು. ಪುಟ ತಿರುಗಿಸಿದೆ. ಹಳೆಯವೂ ಕೆಳಗಿದ್ದವು. 2022 ತೆಗೆದೆ. ನವೆಂಬರ್ 15, ಮಂಗಳವಾರ, ಎರಡರಿಂದ ನಾಲ್ಕು — 'ಪ್ರಮೀಳಾ ಬೀರಣ್ಣ'. ಎದುರಿಗೆ ಸಹಿ.

ನನ್ನ ಹೆಸರು! ಮಿ ಮಾತ್ರ ದೀರ್ಘ. ನಾನು ಎಂದೂ ಹಾಗೆ ಬರೆಯುವುದಿಲ್ಲ. ಆಗ ಕಾಮಾಲೆಯಾಗಿ ಹದಿನೈದು ದಿನ ಮನೆಯಲ್ಲಿ ಮಲಗಿದ್ದೆ. ಮಲಗಿದಲ್ಲೇ ಕಂಪ್ಯೂಟರು ಕಲಿತೆನಂತೆ.

ಮಾಮಾನ ಮುಖ ನೋಡಿದೆ. ಕಿಟಕಿಯ ಕಡೆ ತಿರುಗಿದರು. "ಬರಿ ಅಂದ್ರು. ಬರದ್ನಿ."

ಫೋಟೊ ತೆಗೆದುಕೊಂಡೆ. ಬೇಡ ಅನ್ನಲಿಲ್ಲ.

ಏಪ್ರಿಲ್ 5, ಶನಿವಾರ

ಅವ್ವನಿಗೆ ಹೇಳಬಾರದಿತ್ತು. ರೊಟ್ಟಿ ತಟ್ಟುವುದು ನಿಲ್ಲಿಸಿ ಕೇಳಿದಳು, "ಫೋಟೊ ಹಚ್ಚಿ ಬರದ್ರ ಹೊರಗ ಹೋಗಾವ್ರು ಯಾರು? ಸಾಹೇಬ್ರೋ, ದುಂಡಪ್ಪಣ್ಣನೋ?"

ಉತ್ತರ ಗೊತ್ತಿತ್ತು.

"ಕಲಿತು ಶಾಣ್ಯಾಳಾಗು ಅಂದ್ವಿ. ಮಂದಿ ಅನ್ನದಾಗ ಕಲ್ಲ ಹಾಕು ಅನ್ಲಿಲ್ಲ."

ರೊಟ್ಟಿ ಸೇರಲಿಲ್ಲ. ಅವ್ವನಿಗೂ.

ಏಪ್ರಿಲ್ 28, ಸೋಮವಾರ

ಇಪ್ಪತ್ತಮೂರು ದಿನ ಬರೆಯಲಿಲ್ಲ. ಬರೆಯಲು ಕುಳಿತರೆ ಹೆದರಿದ್ದನ್ನೂ ಬರೆಯಬೇಕಾಗುತ್ತಿತ್ತು.

ಎಂಬತ್ಮೂರು ಜನರ ಜೊತೆ ಮಾತು ಮುಗಿಯಿತು. ಎಂಬತ್ಮೂರರಲ್ಲಿ ಎಪ್ಪತ್ತೊಂಬತ್ತು ಜನ ಮೊಬೈಲಿನಲ್ಲಿ ಓದುತ್ತಾರೆ. ಐವತ್ತಾರು ಜನರದು ಹಂಚಿಕೊಂಡ ಫೋನು. ಲ್ಯಾಬಿನಲ್ಲಿ ಒಂದು ದಿನವಾದರೂ ಕುಳಿತವರು — ಇಬ್ಬರು. ಅದೂ ಕಮಿಟಿ ಬಂದಾಗ, ಫೋಟೊಗೆ. ಇವರು ತಂತ್ರಜ್ಞಾನ ಬಳಸುವುದಿಲ್ಲ ಅಂತ ಯಾರಾದರೂ ಅಂದರೆ ಸುಳ್ಳು. ಕಾಲೇಜು ಕೊಡುತ್ತದೆ ಅಂದರೆ ಅದಕ್ಕಿಂತ ದೊಡ್ಡ ಸುಳ್ಳು.

ಇದೆಲ್ಲ, ರಿಜಿಸ್ಟರಿನ ಸುಳ್ಳು ಸಹಿಗಳೂ ಸೇರಿ, ನಾಲ್ಕನೇ ಅಧ್ಯಾಯ. ಗೌರೀಶ ಸರ್ ಇವತ್ತು ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ನೋಡವಾ ಪ್ರಮಿಳಾ, ಪ್ರಾಜೆಕ್ಟ್ ಅಂದ್ರ ಪ್ರಾಜೆಕ್ಟ್. ಪೊಲೀಸ್ ತನಿಖೆ ಅಲ್ಲ. ಆ ಪ್ರಾಚಾರ್ಯರು ನಮ್ಮ ಪರೀಕ್ಷಾ ಬೋರ್ಡಿನ್ಯಾಗ ಅದಾರ, ಗೊತ್ತೈತಿಲ್ಲೊ?"

"ಗೊತ್ತೈತ್ರಿ."

"ನಾಕನೇ ಅಧ್ಯಾಯ ತಗದ ಬಿಡು. ನಾಳೆನ ಸಹಿ ಮಾಡ್ತೇನಿ."

"ತಗದ್ರ ಉಳಿಯೂದೇನ್ರಿ ಸರ್? ಮುನ್ನುಡಿ, ಆಭಾರ ಮನ್ನಣೆ."

ಎಂದೂ ಹೀಗೆ ಮಾತಾಡಿದವಳಲ್ಲ. ಬಾಯಿಂದ ಬಂದೇಬಿಟ್ಟಿತು. ಸರ್ ಫೈಲು ನನ್ನ ಕಡೆ ತಳ್ಳಿದರು. ಮೇ 9 ಕೊನೆಯ ದಿನ. ಸಹಿ ಇಲ್ಲದಿದ್ದರೆ ಸಬ್ಮಿಷನ್ ಇಲ್ಲ. ಒಂದು ವರ್ಷ ಹೋಗುತ್ತದೆ.

ಹೋಗಲಿ. ತೆಗೆಯುವುದಿಲ್ಲ.

ಮೇ 1, ಗುರುವಾರ

ರಜೆ. ಮಾಮಾನ ಮನೆಗೆ ಹೋದೆ. ಅವರನ್ನು ಕೇಳದೆ ಕೊಡಬಾರದು. ಅಂಗಳದಲ್ಲಿ ಸೈಕಲ್ ತೊಳೆಯುತ್ತಿದ್ದರು. ಅಧ್ಯಾಯ ಪೂರ್ತಿ ಓದಿ ಹೇಳಿದೆ. ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕುಳಿತರು.

"ನಿನ್ನ ಹೆಸರ ಎಲ್ಲೂ ಇಲ್ಲ ಮಾಮಾ. ಆದ್ರ ಅವರಿಗೆ ಗೊತ್ತಾಗತೈತಿ."

"ಹನ್ನೊಂದ ವರ್ಷ ಹುಡುಗೂರ ಸಹಿ ಮಾಡಿ ಮಾಡಿ ನನ್ನ ಸಹೀನ ಮರತೇನವಾ." ನನ್ನ ಕೈಯಲ್ಲಿದ್ದ ಹಾಳೆ ತೋರಿಸಿದರು. "ನನ್ನ ಹೆಸರ ಹಾಕು. ಆದ್ರ ಬರಿ ಅಂತ ಹೇಳಿದಾವ್ರು ಯಾರು, ಅದನ್ನೂ ಬರಿ. ಒಂದ ಬರದು ಒಂದ ಬಿಟ್ರ ನೀನೂ ಅವರಂಗ."

ಅತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಬೇಡ ಅನ್ನುತ್ತಾಳೆ ಅಂದುಕೊಂಡೆ. ಚಹಾ ತಂದಿಟ್ಟು ಹೋದಳು.

ಹೆಸರು ಹಾಕಲಿಲ್ಲ. 'ಪ್ರಾಚಾರ್ಯರ ಆದೇಶದಂತೆ ಸಿಬ್ಬಂದಿ ಬರೆದದ್ದು' ಎಂದು ಬರೆದೆ. ಮಾಮಾ ಕೊಟ್ಟ ಧೈರ್ಯ ನನಗೆ ಸಾಕು, ಅವರ ಕೆಲಸ ಬೇಡ.

ಮೇ 6, ಮಂಗಳವಾರ

ಕಾಂತಾಳ ಫೋನು. ಅವಳ ಅರ್ಧ ಗಂಟೆಯಲ್ಲಿ. ಮಾತು ತೊದಲುತ್ತಿತ್ತು.

ದುಂಡಪ್ಪ ಮಾಮಾ ಲ್ಯಾಬು ತೆರೆದರಂತೆ! ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ಬಂದು, ಕವರುಗಳನ್ನೆಲ್ಲ ತೆಗೆದು ಮಡಚಿ ಮೂಲೆಗಿಟ್ಟು, ಕಾರಿಡಾರಿನಲ್ಲಿ ನಿಂತಿದ್ದ ಹುಡುಗಿಯರಿಗೆ "ಬರ್ರಿ, ಕುಂದರ್ರಿ" ಅಂದರು. ಹನ್ನೆರಡು ಜನ ಕುಳಿತರು. ಕಾಂತಾ ಕೀಬೋರ್ಡಿನ ಮೇಲೆ ಕೈ ಇಟ್ಟಳು. ನೋಡದೆಯೇ ತನ್ನ ಹೆಸರು ಹೊಡೆದಳು. ತಪ್ಪಿಲ್ಲ.

"ಒತ್ತಿದ್ರ ಒಳಗ ಹೋಗತಾವ್ರಿ ಅಕ್ಕಾ ಗುಂಡಿ. ರಟ್ಟಿನ್ಯಾಗ ಹೋಗತಿರಲಿಲ್ಲ."

ರಿಜಿಸ್ಟರಿನಲ್ಲಿ ಹನ್ನೆರಡು ಜನ ತಾವೇ ಸಹಿ ಮಾಡಿದರಂತೆ.

ಮೇ 9, ಶುಕ್ರವಾರ

ಗೌರೀಶ ಸರ್ ಬರಲಿಲ್ಲ. ರಜೆ. ಬೇಕೆಂದೇ.

ಫೈಲು ಹಿಡಿದು ವಿಭಾಗದ ಮುಖ್ಯಸ್ಥೆ ತ್ರಿವೇಣಿ ಮೇಡಂ ಹತ್ತಿರ ಹೋದೆ. ಕೂರು ಅನ್ನಲಿಲ್ಲ. ಓದತೊಡಗಿದರು. ಎಪ್ಪತ್ತೆರಡು ಪುಟ. ಒಂದೂವರೆ ಗಂಟೆ ನಿಂತಿದ್ದೆ.

"ಎಂಬತ್ಮೂರು ಹಾಳಿ ಎಲ್ಲಿ ಅದಾವ?"

ಚೀಲದಿಂದ ತೆಗೆದುಕೊಟ್ಟೆ. ನಡುವಿನಿಂದ ಒಂದು ಎಳೆದು, ಅದರಲ್ಲಿದ್ದ ನಂಬರಿಗೆ ಫೋನು ಮಾಡಿದರು. ಶಿವಲಿಂಗ ಅನ್ನುವವನು, ಬಿ.ಕಾಂ. ಸ್ಪೀಕರ್ ಹಾಕಿ ನನ್ನ ಐದು ಪ್ರಶ್ನೆಗಳನ್ನು ಮತ್ತೆ ಕೇಳಿದರು. ಅವೇ ಉತ್ತರ. ಕೊನೆಗೆ ಅವನು ಕೇಳಿದ, "ಮತ್ತ ಯಾಕ ಕೇಳಾಕತ್ತೀರಿ ಮೇಡಂ? ಆ ಅಕ್ಕಾರು ಬರಕೊಂಡ್ರಲ್ಲ. ಏನರ ಆತೇನ್ರಿ ಅವರಿಗೆ?"

ಮೇಡಂ ಫೋನಿಟ್ಟರು.

"ಗೈಡಿನ ಸಹಿ, ಇಲ್ಲಂದ್ರ ವಿಭಾಗದ ಮುಖ್ಯಸ್ಥರ ಸಹಿ — ನಿಯಮದಾಗ ಹಂಗ ಐತಿ. ಅದನ್ನ ಯಾರೂ ಓದಂಗಿಲ್ಲ." ಸಹಿ ಮಾಡಿದರು. "ಮಾರ್ಕ್ಸ್ ನನ್ನ ಕೈಯಾಗಿಲ್ಲ. ಅದ ತಿಳಕೊಂಡ ಹೋಗು."

ತಿಳಿದುಕೊಂಡೆ. ಆಫೀಸಿನಲ್ಲಿ ಫೈಲಿಗೆ ಇನ್‌ವರ್ಡ್ ಸೀಲು ಬಿತ್ತು. ನಾಲ್ಕೂಕಾಲು.

ಮೇ 14, ಬುಧವಾರ

ಮಾಮಾನಿಗೆ ಮೆಮೋ. ಅನುಮತಿಯಿಲ್ಲದೆ ಲ್ಯಾಬು ತೆರೆದದ್ದಕ್ಕೆ. ಬೀಗದ ಕೈ ಕಸಿದುಕೊಂಡು ಗಿಡಕ್ಕೆ ನೀರು ಹಾಕಲು ಹಚ್ಚಿದ್ದಾರೆ. ಅವ್ವ ನನ್ನ ಜೊತೆ ಮಾತು ಬಿಟ್ಟಳು. ನಾನೇ ಮಾಮಾನ ಹತ್ತಿರ ಹೋಗಿ ಅತ್ತುಬಿಟ್ಟೆ.

"ಅಳ್ತಿ ಯಾಕ? ಇಲ್ಲಿ ಹಾಕಿದ ನೀರು ಖರೇನ ಗಿಡಕ್ಕ ಹೋಗತೈತಿ."

ಜೂನ್ 20, ಶುಕ್ರವಾರ

ವೈವಾ. ಹೊರಗಿನ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು, ನಾಲ್ಕು ಸಲ, ನಾಲ್ಕು ಬಗೆಯಲ್ಲಿ: ಒಂದು ಸಂಸ್ಥೆಯ ಹೆಸರು ಕೆಡಿಸುವುದು ಗ್ರಂಥಾಲಯ ವಿಜ್ಞಾನವೇ? ನಾಲ್ಕು ಸಲವೂ ಒಂದೇ ಹೇಳಿದೆ. ಕೇಳಿದ್ದನ್ನು ಬರೆದಿದ್ದೇನೆ. ತಪ್ಪಿದ್ದರೆ ಯಾವ ಸಾಲು, ತೋರಿಸಿರಿ. ಯಾರೂ ಸಾಲು ತೋರಿಸಲಿಲ್ಲ. ಗೌರೀಶ ಸರ್ ಪೂರ್ತಿ ಹೊತ್ತು ಫೋನು ನೋಡುತ್ತಿದ್ದರು.

ಜುಲೈ 4, ಶುಕ್ರವಾರ

ರಿಸಲ್ಟು. ಪ್ರಾಜೆಕ್ಟಿಗೆ ನಲವತ್ತೊಂದು. ನಲವತ್ತು ಪಾಸು. ಕ್ಲಾಸಿಗೇ ಕಡಿಮೆ. ವಿನಯನಿಗೆ ಎಂಬತ್ತಾರು.

ಅವನೇ ಹುಡುಕಿಕೊಂಡು ಬಂದ. ನಗಲಿಲ್ಲ ಈ ಸಲ. "ಖರೇ ಹೇಳಲ್ಯಾ? ನನ್ನ ಪ್ರಾಜೆಕ್ಟ್ ನಾನ ಓದಿಲ್ಲ. ನಿಂದು ಪಿಡಿಎಫ್ ಕಳಿಸು."

ಕಳಿಸಿದೆ. ಸಂಜೆಯೊಳಗೆ ಇಡೀ ಕ್ಲಾಸಿನ ಗ್ರೂಪಿನಲ್ಲಿತ್ತು. ಆಮೇಲೆ ಖಾನಾಪುರದವರ ಗ್ರೂಪಿನಲ್ಲಿ. ನಾನು ಹಾಕಿದ್ದಲ್ಲ. ತೆಗೆ ಅಂತಲೂ ಅನ್ನಲಿಲ್ಲ.

ಅವ್ವ ಅಂಕಪಟ್ಟಿ ಕೇಳಿದಳು. ನಲವತ್ತೊಂದು ಅಂದೆ. "ಪಾಸ್ ಅದೀಯಿಲ್ಲೊ?" ಅಂದಳು. ಐವತ್ತೊಂದು ದಿನಕ್ಕೆ ಮೊದಲ ಮಾತು.

ಜುಲೈ 7, ಸೋಮವಾರ, ಬೆಳಿಗ್ಗೆ 10.20

ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕಾಂತಾ ಕರೆದಳು, ಬಂದೆ. ಲ್ಯಾಬು ತೆರೆಯುವ ತನಕ ಕ್ಲಾಸಿಗೆ ಹೋಗುವುದಿಲ್ಲ ಅಂತ ಕುಳಿತಿದ್ದಾರೆ. ಎಂಟೂವರೆಗೆ ಹನ್ನೆರಡು ಜನ. ಈಗ ಎಣಿಸುವುದು ಬಿಟ್ಟೆ. ಶಿವಲಿಂಗ ಇದ್ದಾನೆ. ಟಿಕ್ ಹಾಕಿದ್ದ ಸಿ.ಆರ್. ಹುಡುಗಿಯೂ. ಆಚೆ ಕಡೆ ಮಾಮಾ ಪೈಪು ಹಿಡಿದು ನಿಂತಿದ್ದಾರೆ. ಅರ್ಧ ಗಂಟೆಯಿಂದ ಒಂದೇ ಗಿಡಕ್ಕೆ ನೀರು.

10.45

ಕ್ಲರ್ಕು ಬಂದ. ಪ್ರಾಚಾರ್ಯರು ಕರೆದಿದ್ದಾರೆ. ಪ್ರಾಜೆಕ್ಟ್ ಬರೆದಾಕೆ ಯಾರು, ಅವಳೊಬ್ಬಳೇ ಬರಲಿ ಅಂದರಂತೆ.

ಕಾಂತಾ ಮೊದಲು ಎದ್ದಳು. "ಒಬ್ಬರ ಬರದಿಲ್ರಿ ಅದನ್ನ. ಎಂಬತ್ಮೂರ ಮಂದಿ ಹೇಳೇವಿ."

ಎಲ್ಲರೂ ಎದ್ದರು. ಪೈಪು ನೆಲಕ್ಕೆ ಬಿದ್ದ ಸದ್ದು — ಮಾಮಾನೂ ಬರುತ್ತಿದ್ದಾರೆ. ಪ್ರಾಚಾರ್ಯರ ಬಾಗಿಲು ಅಗಲವಿಲ್ಲ, ಇಷ್ಟು ಜನ ಹೇಗೆ ಹಿಡಿಸುತ್ತೇವೋ. ಸಾಕು, ನಾನೂ ಎದ್ದೆ.