ಬಟ್ಟಲಿನ ಮೇಲೆ ಮಲಗಿಸಿಟ್ಟ ಕಡ್ಡಿಗಳು

೨೧೯೪, ಹದಿಮೂರನೆಯ ತಿಂಗಳ ಎರಡನೆಯ ದಿನ

ಪ್ರೀತಿಯ ಪೇಯಿಂಗ್ ಅಜ್ಜಿಗೆ,

ಬೇಸಿಗೆ ಉದ್ದವಾಗುತ್ತ ಹೋದದ್ದರಿಂದ ನಮ್ಮ ಕಾಲದಲ್ಲಿ ವರ್ಷಕ್ಕೆ ಒಂದು ತಿಂಗಳು ಸೇರಿಸಿದ್ದಾರೆ. ತಾರೀಖು ಕಂಡು ಗಾಬರಿಯಾಗಬೇಡಿ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನೀವು ನನಗಿಂತ ಎಂಟು ತಲೆಮಾರು ಹಿಂದಿನವರು. ೧೯೬೯ರ ಈ ಚಳಿಗಾಲದಲ್ಲಿ ನಿಮಗೆ ಹತ್ತೊಂಬತ್ತು, ನನಗೂ ಅಷ್ಟೇ. ಆದರೂ ಅಜ್ಜಿ ಎಂದೇ ಕರೆಯುತ್ತೇನೆ.

ಯಾಂಗ್ತ್ಸೆ ನದಿಯ ದಂಡೆಯ ನಿಮ್ಮ ಊರು ಈಗ ನೀರಿನಡಿ ಇದೆ. ನಾವಿರುವುದು ತೇಲುಗೇರಿಯಲ್ಲಿ, ಅಂದರೆ ಹಗ್ಗದಿಂದ ಒಂದಕ್ಕೊಂದು ಬಿಗಿದ ಮನೆಗಳ ಬೀದಿಯಲ್ಲಿ. ಪಕ್ಕದ ಮನೆಯವರು ಜಗಳವಾಡಿದರೆ ನಮ್ಮ ಸಾರು ತುಳುಕುತ್ತದೆ. ಇಲ್ಲಿ ನಾನು ಕರಪತ್ರಗಳನ್ನು ಓದಿಯೇ ಬೆಳೆದೆ. ಕುಡಿಯುವ ನೀರು ಎಲ್ಲರಿಗೂ ಸಮನಾಗಿ ಸಿಗಬೇಕೆಂದು ಗಂಟಲು ಹರಿಯುವಂತೆ ಕೂಗುತ್ತೇನೆ. ಹಾಗಾಗಿ ನೀವು ಶಾಲೆಯ ಅಂಗಳದಲ್ಲಿ ಮೈಕಿನ ಮುಂದೆ ನಿಂತು, ಕ್ರಾಂತಿ ನಿಷೇಧಿಸಿದ ಹಳೆಯ ಪುಸ್ತಕಗಳನ್ನು ಬಚ್ಚಿಟ್ಟ ಈ ಮೇಷ್ಟ್ರು ಇನ್ನು ನನ್ನ ಅಪ್ಪನಲ್ಲ ಎಂದು ಓದಿದ್ದು ನನಗೆ ಅರ್ಥವಾಗುತ್ತದೆ. ಸರಿ ಎನ್ನಲಾರೆ. ನ್ಯಾಯ ಬೇಕೆಂಬ ನಿಮ್ಮ ಹಟ ನನ್ನಲ್ಲೂ ಇದೆ. ಅಪ್ಪನ ತಲೆ ತಗ್ಗಿಸಿ ಗೆಲ್ಲುವ ಕ್ರಾಂತಿ ಮಾತ್ರ ನನಗೆ ಬೇಡ.

ಆದರೆ ನಾನು ಬರೆಯುತ್ತಿರುವುದು ಆ ತಪ್ಪಿನ ಬಗ್ಗೆ ಅಲ್ಲ, ನೀವಿನ್ನೂ ಮಾಡದ ತಪ್ಪಿನ ಬಗ್ಗೆ. ಎರಡು ವರ್ಷ ಮನೆಯತ್ತ ಸುಳಿಯದ ನೀವು, ಹೊಸವರ್ಷದ ಹಿಂದಿನ ಸಂಜೆ ಹೋಗಿ ಆವಿ ಹಿಡಿದ ಕಿಟಕಿಯಲ್ಲಿ ಇಣುಕುತ್ತೀರಿ. ನಿಮ್ಮ ಜಾಗದಲ್ಲಿ ಅನ್ನದ ಬಟ್ಟಲು ಇರುತ್ತದೆ. ಸತ್ತವರಿಗೆ ಎಡೆ ಇಡುವಂತೆ ಅಪ್ಪ ನಿಮಗೂ ಇಟ್ಟಿದ್ದಾರೆ ಎಂದುಕೊಂಡು ತಿರುಗಿ ನಡೆಯುತ್ತೀರಿ.

ಅಪ್ಪ ತೀರಿಕೊಂಡ ಮೇಲೆ ಪಕ್ಕದ ಮನೆಯ ಶೆನ್ ಅತ್ತೆ ನಿಮಗೆ ನಿಜ ಹೇಳುತ್ತಾರೆ. ನೀವು ಮೊಮ್ಮಗಳಿಗೆ ಹೇಳುತ್ತೀರಿ. ಹಾಗೆ ನನ್ನವರೆಗೆ ಬಂತು. ಆ ಸಂಜೆ ಶೆನ್ ಅತ್ತೆ ಒಲೆಯ ಬಳಿಯೇ ಇದ್ದರಂತೆ.

“ಏನ್ ಮೇಷ್ಟ್ರೇ, ಮೈಕಲ್ಲಿ ಬೈದೋಳಿಗೆ ಮೀನಿನ ಕೆನ್ನೆಯ ರುಚಿಯಾದ ತುಂಡು ಬೇರೆ ಎತ್ತಿಟ್ಟಿದ್ದೀರಿ. ಬರ್ತಾಳಾ ಅವಳು?”

“ಬರ್ದಿದ್ರೆ ಬೆಕ್ಕಿದೆ. ಓದಿದ್ದು ಕೇಳಿದ್ರಲ್ಲ, ಎಲ್ಲೂ ತೊದಲಲಿಲ್ಲ. ಕಲಿಸಿದ್ದು ನಾನೇ ತಾನೆ?”

ಸತ್ತವರ ಅನ್ನದಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡುತ್ತಾರೆ. ದೂರ ಹೋದವರು ಮರಳಲಿ ಎಂದು ಅವರ ಬಟ್ಟಲಿನ ಮೇಲೆ ಮಲಗಿಸಿಡುತ್ತಾರೆ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಆವಿಯಲ್ಲಿ ಕಾಣುವುದಿಲ್ಲ, ಅಷ್ಟೆ. ನಿಮ್ಮವು ಮಲಗಿರುತ್ತವೆ.

ಕಿಟಕಿಯ ಬಳಿ ನಿಲ್ಲಬೇಡಿ ಅಜ್ಜಿ, ಕದ ತಟ್ಟಿ. ಕ್ಷಮೆ ಕೇಳಲು ಮಾತು ಸಿಗದಿದ್ದರೆ ಸುಮ್ಮನೆ ಕೂತು ಉಣ್ಣಿ. ಅಪ್ಪ ಇದರ ನಂತರದ ಹೊಸವರ್ಷ ಕಾಣುವುದಿಲ್ಲ.

ನಿಮ್ಮ
ರುಯೀ